ಮಳೆ ಸೀಮೆಯ ಪೇಟೆಯಲ್ಲಿ ಚಪ್ಪಲಿ, ಬ್ಯಾಗಿನ ಖರೀದಿ

ಪುತ್ತೂರು, ಸುಳ್ಯ, ಕಡಬ ಈ ಮೂರೂ ತಾಲೂಕುಗಳ ಜನ ಚಂದದ ಚಪ್ಪಲಿ, ಶೂ, ಹ್ಯಾಂಡ್‌ಬ್ಯಾಗ್ ಬೇಕೆಂದರೆ ಮೊದಲು ನೆನೆಯುವುದು ಪುತ್ತೂರು ಪೇಟೆಯನ್ನು. ಬೊಳುವಾರಿನಿಂದ ದರ್ಬೆಯವರೆಗಿನ ಮುಖ್ಯರಸ್ತೆಯಲ್ಲಿ ಬಟ್ಟೆ, ಚಿನ್ನದ ಅಂಗಡಿಗಳ ನಡುವೆ ಪಾದರಕ್ಷೆಯ ಮಳಿಗೆಗಳು ಅಲ್ಲಲ್ಲಿ ಸಿಗುತ್ತವೆ. ಸೋಮವಾರ ಕಿಲ್ಲೆ ಮೈದಾನದ ಸಂತೆಗೆ ಬಂದವರು ತರಕಾರಿ, ಒಣಮೀನಿನ ಚೀಲ ಹಿಡಿದುಕೊಂಡೇ ಈ ಅಂಗಡಿಗಳಿಗೂ ಹತ್ತಿ ಇಳಿಯುತ್ತಾರೆ. ಸುಳ್ಯದಲ್ಲಿ ಗಾಂಧಿನಗರ, ಶ್ರೀರಾಮಪೇಟೆಗಳ ರಸ್ತೆಬದಿಯ ವ್ಯಾಪಾರಕ್ಕೆ ಜೀವ ತುಂಬಿದವರು ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ಕಾಲೇಜುಗಳಿಗೆ ಹೊರ ಊರುಗಳಿಂದ ಬರುವ ವಿದ್ಯಾರ್ಥಿಗಳು. ಈಚೆಗೆ ತಾಲೂಕಾದ ಕಡಬದ ಪೇಟೆ ಇನ್ನೂ ಸಣ್ಣದು. ಅಲ್ಲಿಯವರು ದಿನಬಳಕೆಯದನ್ನು ಊರಲ್ಲೇ ಕೊಂಡು, ಮದುವೆಗೆ ಹಾಕುವಂಥದ್ದಕ್ಕೆ ಉಪ್ಪಿನಂಗಡಿಗೋ ಪುತ್ತೂರಿಗೋ ಬಸ್ಸು ಹತ್ತುತ್ತಾರೆ. ಅದಕ್ಕೂ ಮೇಲಿನ ಆಸೆಯಿದ್ದವರಿಗೆ ಸುಮಾರು 50 ಕಿಲೋಮೀಟರ್ ದೂರದ ಮಂಗಳೂರಿನ ಹಂಪನಕಟ್ಟೆ, ಕೆ.ಎಸ್. ರಾವ್ ರಸ್ತೆಯ ಸಿಟಿ ಸೆಂಟರ್ ಮಾಲ್ ಇದ್ದೇ ಇವೆ.

ಇಲ್ಲಿನ ವ್ಯಾಪಾರ ಅಡಿಕೆಯ ಲೆಕ್ಕದಲ್ಲಿ ನಡೆಯುತ್ತದೆ. ಕೊಯ್ಲು ಮುಗಿದು ಅಡಿಕೆ ಒಣಗಿ ಕೈಯಲ್ಲಿ ಕಾಸು ಆಡುವ ಹೊತ್ತಿಗೆ ಮದುವೆ, ಗೃಹಪ್ರವೇಶ, ನೇಮ, ಜಾತ್ರೆಗಳ ಸಾಲು ಶುರುವಾಗಿರುತ್ತದೆ. ಏಪ್ರಿಲ್ 10ಕ್ಕೆ ಕೊಡಿಯೇರಿ 17ರಂದು ಬ್ರಹ್ಮರಥೋತ್ಸವ ಕಾಣುವ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆ ಇವುಗಳಲ್ಲಿ ದೊಡ್ಡದು. ದೇವಸ್ಥಾನದ ಎದುರಿನ ಗದ್ದೆಯಲ್ಲಿ ಏಳುವ ಸಂತೆಯಲ್ಲಿ ಬಳೆ, ಆಟಿಕೆಗಳ ಜತೆ ಅಗ್ಗದ ಚಪ್ಪಲಿ, ಮಣಿ ಪೋಣಿಸಿದ ಪರ್ಸುಗಳೂ ರಾಶಿ ಬೀಳುತ್ತವೆ. ರಂಜಾನಿನ ಕೊನೆಯ ವಾರ ಅಂಗಡಿಗಳು ತಡರಾತ್ರಿಯವರೆಗೂ ಬಾಗಿಲು ಹಾಕುವುದಿಲ್ಲ. ಮೇ ಕೊನೆಗೆ ಶಾಲೆಯ ಕಪ್ಪು ಶೂಗಳ ಸರದಿ. ಸರಕಾರಿ ಶಾಲೆಯ ಮಕ್ಕಳಿಗೆ 2015-16ರಿಂದ ‘ಶೂ ಭಾಗ್ಯ’ ಯೋಜನೆಯಲ್ಲಿ ಶೂ, ಸಾಕ್ಸ್ ಸಿಗುತ್ತಿದ್ದರೂ ಖಾಸಗಿ ಶಾಲೆಗಳ ಬೇಡಿಕೆ ಕಡಿಮೆಯದೇನಲ್ಲ. ಶುಭಕಾರ್ಯಗಳಿಲ್ಲದ ಆಟಿ ತಿಂಗಳಲ್ಲಿ ಅಂಗಡಿಗಳು ರಿಯಾಯಿತಿಯ ಬೋರ್ಡು ತೂಗಿಸುತ್ತವೆ. ಬೇಸಗೆಯಲ್ಲಿ ಉಳಿದುಹೋದ ಮದುವೆ ಚಪ್ಪಲಿಗಳು ಇಳಿದ ಬೆಲೆಗೆ ಹೊರಬೀಳುವುದು ಆಗಲೇ. ಅವಸರವಿಲ್ಲದ ಗಿರಾಕಿಗೆ ಇದು ಒಳ್ಳೆಯ ಕಾಲವೇ, ಆದರೆ ಒಂದು ಎಚ್ಚರ ಬೇಕು.

ಆ ಎಚ್ಚರ ಮಳೆಯ ಬಗ್ಗೆ. ಘಟ್ಟದ ಬುಡದ ಈ ಸೀಮೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಪ್ಪಲಿಯ ಆಯುಸ್ಸನ್ನು ತೀರ್ಮಾನಿಸುವುದು ನಡೆದ ದೂರಕ್ಕಿಂತ ಹೆಚ್ಚಾಗಿ ಗಾಳಿಯಲ್ಲಿರುವ ತೇವ. ಅದರ ಪೆಟ್ಟು ಜೋರಾಗಿ ಬೀಳುವುದು ಪಿಯು ಎಂದು ಕರೆಯುವ ಪಾಲಿಯುರೆಥೇನ್ ಅಟ್ಟೆಗೆ. ಹಗುರ, ಮೆತ್ತನೆ, ನೋಡಲು ನಯ ಎಂಬ ಕಾರಣಕ್ಕೆ ಇಂದಿನ ಬಹುಪಾಲು ಫ್ಯಾನ್ಸಿ ಚಪ್ಪಲಿಗಳಿಗೆ, ಫಾರ್ಮಲ್ ಶೂಗಳಿಗೆ ಈ ಅಟ್ಟೆಯನ್ನೇ ಹಾಕುತ್ತಾರೆ. ಪಿಯುವಿನ ಹಲವು ಬಗೆಗಳಲ್ಲಿ ಅಣುಗಳ ಕೊಂಡಿಗಳನ್ನು ನೀರಿನ ಆವಿ ಮೆಲ್ಲನೆ ಕತ್ತರಿಸುತ್ತ ಹೋಗುತ್ತದೆ. ಹೊರಗೆ ಏನೂ ಕಾಣುವುದಿಲ್ಲ. ಮದುವೆಗೆಂದು ತೆಗೆದ ಶೂವನ್ನು ಎರಡು ಸಲ ಹಾಕಿ ಡಬ್ಬಿಯಲ್ಲಿಟ್ಟು, ಎರಡು ಮೂರು ಮಳೆಗಾಲ ಕಳೆದ ಮೇಲೆ ಇನ್ನೊಂದು ಮದುವೆಗೆ ಹೊರತೆಗೆದರೆ, ಛತ್ರದ ಮೆಟ್ಟಿಲು ಹತ್ತುವಾಗಲೇ ಅಟ್ಟೆ ಹುಡಿಹುಡಿಯಾಗಿ ಉದುರಬಹುದು. ಹಾಕದೆ ಇಟ್ಟ ಮಾಲು ಹೊಸದಾಗಿಯೇ ಉಳಿಯುತ್ತದೆ ಎಂಬ ನಂಬಿಕೆ ಇಲ್ಲಿ ನಡೆಯುವುದಿಲ್ಲ. ನಡೆದಾಡುತ್ತ, ಗಾಳಿ ಬೆಳಕು ಕಾಣುವ ಜೋಡಿ ಡಬ್ಬಿಯಲ್ಲಿ ಮಲಗಿದ ಜೋಡಿಗಿಂತ ಹೆಚ್ಚು ಬಾಳುವುದೂ ಉಂಟು. ಆಟಿಯ ರಿಯಾಯಿತಿಯಲ್ಲಿ ನೋಡಬೇಕಾದದ್ದು ಇದನ್ನೇ: ಜೋಡಿಯ ಮೇಲೆ ನಮೂದಿಸಿದ ತಯಾರಿಕೆಯ ತಿಂಗಳು, ವರ್ಷ. ಮೂರು ವರ್ಷದ ಹಿಂದಿನ ಪಿಯು ಮಾಲು ಅರ್ಧ ಬೆಲೆಗೆ ಸಿಕ್ಕರೂ ಅಗ್ಗವೇನಲ್ಲ.

ರಬ್ಬರ್, ಇವಿಎ, ಪಿವಿಸಿ ಅಟ್ಟೆಗಳಿಗೆ ಈ ರೋಗವಿಲ್ಲ. ಇವಿಎ ತೀರ ಹಗುರ, ಆದರೆ ಬೇಗ ಸವೆದು ನುಣುಪಾಗುತ್ತದೆ, ಪಾಚಿ ಕಟ್ಟಿದ ಅಂಗಳದಲ್ಲಿ ಕಾಲು ಜಾರಿಸುತ್ತದೆ. ಗಟ್ಟಿ ಪಿವಿಸಿಯೂ ಒದ್ದೆ ಟೈಲ್ಸಿನ ಮೇಲೆ ನಂಬಲರ್ಹವಲ್ಲ. ಆಳವಾದ ಗೀರುಗಳಿರುವ ರಬ್ಬರ್ ಅಟ್ಟೆ ನೋಡಲು ಸ್ವಲ್ಪ ದಪ್ಪನೆಯದಾದರೂ ಮಳೆಗಾಲಕ್ಕೆ ಅದೇ ಸರಿ. ಅಡಿಕೆ ತೋಟಕ್ಕೆ ಮದ್ದು ಬಿಡುವವರು, ರಬ್ಬರ್ ಹಾಲು ತೆಗೆಯುವವರು ಇಂಬಳ, ಹಾವುಗಳ ಭಯಕ್ಕೆ ಕೊಳ್ಳುವ ಮೊಣಕಾಲೆತ್ತರದ ಗಂಬೂಟು ಪುತ್ತೂರು, ಸುಳ್ಯದ ಅಂಗಡಿಗಳಲ್ಲಿ ಹೈ ಹೀಲ್ಸಿನ ಪಕ್ಕದಲ್ಲೇ ನಿಂತಿರುತ್ತದೆ. ಬೆಂಗಳೂರಿನ ಮಾಲ್‌ಗಳಲ್ಲಿ ಇಂಥ ನೆರೆಹೊರೆ ಕಾಣಸಿಗುವುದು ಅಪರೂಪ.

ರಬ್ಬರ್ ಈ ಊರುಗಳಿಗೆ ಹೊರಗಿನದೂ ಅಲ್ಲ. 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ನಂತರ ಶ್ರೀಲಂಕಾದಿಂದ ಮರಳಿದ ತಮಿಳು ಕುಟುಂಬಗಳಿಗೆ ಸುಳ್ಯ, ಪುತ್ತೂರು ಭಾಗದ ರಬ್ಬರ್ ತೋಟಗಳಲ್ಲಿ ಕೆಲಸ ಕೊಡಲಾಯಿತು. 1971ರಲ್ಲಿ ಸ್ಥಾಪನೆಯಾದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಈ ತೋಟಗಳನ್ನು ನೋಡಿಕೊಳ್ಳುತ್ತದೆ. ಮನೆ ಹಿತ್ತಿಲಲ್ಲಿ ಹಗ್ಗದ ಮೇಲೆ ಒಣಗುವ ರಬ್ಬರ್ ಶೀಟುಗಳು ಟಯರಿಗೂ ಹೋಗುತ್ತವೆ, ಚಪ್ಪಲಿಗೂ ಹೋಗುತ್ತವೆ. ಕಾರ್ಖಾನೆಗಳು ಮಾತ್ರ ಇಲ್ಲಿಲ್ಲ, ಗಡಿಯಾಚೆ ಇವೆ. ಹವಾಯಿ ಚಪ್ಪಲಿಗೆ ಮನೆಮಾತಾದ ಪ್ಯಾರಗಾನ್ 1975ರಲ್ಲಿ ಕೋಟ್ಟಯಂನಲ್ಲಿ ಹುಟ್ಟಿದ್ದು, ವಿಕೆಸಿ 1984ರಲ್ಲಿ ಕೋಝಿಕ್ಕೋಡಿನಲ್ಲಿ. ಕೋಝಿಕ್ಕೋಡು ಇಂದು ದೇಶದ ದೊಡ್ಡ ಚಪ್ಪಲಿ ತಯಾರಿಕಾ ಕೇಂದ್ರಗಳಲ್ಲಿ ಒಂದು. ಸುಳ್ಯದಿಂದ ಜಾಲ್ಸೂರು ದಾಟಿದರೆ ಕಾಸರಗೋಡು ಜಿಲ್ಲೆ. ಹೀಗಾಗಿ ಕೇರಳದ ಮಾಲು ಇಲ್ಲಿಗೆ ಬರುವುದು ಸಲೀಸು. ಅದೇ ಮಳೆ, ಅದೇ ಕೆಸರಿನ ಊರಲ್ಲಿ ತಯಾರಾದ ಚಪ್ಪಲಿ ಎಂಬುದೂ ಅದರ ಪರವಾಗಿ ಹೇಳಬಹುದಾದ ಮಾತು. ಬಾಟಾದ ಕತೆ ಬೇರೆ. ಅದು 1894ರಲ್ಲಿ ಈಗಿನ ಜೆಕ್ ದೇಶದ ಝ್ಲೀನ್‌ನಲ್ಲಿ ಶುರುವಾಗಿ 1931ರಲ್ಲಿ ಭಾರತಕ್ಕೆ ಬಂದ ಕಂಪನಿ. ಹಳೆಯ ತಲೆಮಾರಿನ ಹಲವರು ಅದನ್ನು ಇಂದಿಗೂ ದೇಶೀ ಹೆಸರೆಂದೇ ತಿಳಿದಿದ್ದಾರೆ.

ಸೀರೆ, ಪಂಚೆ, ಕುರ್ತಾಗಳಿಗೆ ಒಪ್ಪುವ ಕೊಲ್ಹಾಪುರಿ ಚಪ್ಪಲಿ ಈ ಭಾಗದ ಮದುವೆಗಳಲ್ಲೂ ಕಾಣಿಸುತ್ತಿದೆ. ಹೆಸರು ಮಹಾರಾಷ್ಟ್ರದ್ದಾದರೂ 2019ರಲ್ಲಿ ಸಿಕ್ಕ ಭೌಗೋಳಿಕ ಸೂಚಕದಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಸಮಪಾಲಿದೆ. ಅಥಣಿ, ನಿಪ್ಪಾಣಿಗಳ ಕುಶಲಕರ್ಮಿಗಳ ಕೈಕೆಲಸ ಇದು. 2025ರ ಜೂನ್‌ನಲ್ಲಿ ಮಿಲಾನಿನ ಪ್ರದರ್ಶನದಲ್ಲಿ ಇಟಲಿಯ ಪ್ರಾಡಾ ಇದೇ ಮಾದರಿಯ ಚಪ್ಪಲಿ ತೋರಿಸಿ, ಮೂಲವನ್ನು ಹೇಳದೆ ಟೀಕೆಗೆ ಗುರಿಯಾಗಿ, ಆಮೇಲೆ ಅದು ಭಾರತದ ಕುಶಲಕಲೆಯಿಂದ ಬಂದದ್ದೆಂದು ಒಪ್ಪಿಕೊಂಡಿತು. 1976ರಲ್ಲಿ ಆರಂಭವಾದ ರಾಜ್ಯದ ಚರ್ಮೋದ್ಯಮ ನಿಗಮ ಲಿಡ್ಕರ್ ಈ ಚಪ್ಪಲಿಯನ್ನೂ ಚರ್ಮದ ಶೂ, ಬ್ಯಾಗುಗಳನ್ನೂ ತನ್ನ ಮಳಿಗೆಗಳಲ್ಲಿ ಮಾರುತ್ತದೆ. 2023ರಿಂದ ನಟ ಧನಂಜಯ ಅದರ ರಾಯಭಾರಿ. ಆದರೆ ಸಸ್ಯದ ಚೊಗರಿನಲ್ಲಿ ಹದ ಮಾಡಿದ ಈ ಚರ್ಮ ನೀರನ್ನು ಸಹಿಸುವುದಿಲ್ಲ. ನವೆಂಬರಿನಿಂದ ಏಪ್ರಿಲ್‌ವರೆಗೆ ಹಾಕಿ, ಮೊದಲ ಮಳೆಗೆ ಮುಂಚೆ ಒರೆಸಿ ಒಳಗಿಟ್ಟರೆ ಮಾತ್ರ ಕೊಟ್ಟ ಹಣ ದಕ್ಕುತ್ತದೆ.

ಅಳತೆಯ ವಿಚಾರದಲ್ಲಿ ಗಿರಾಕಿಗಳು ಎಡವುವುದೇ ಹೆಚ್ಚು. ಚಪ್ಪಲಿಯ ಮೇಲೆ ಕಾಣುವ 6, 7, 8 ಎಂಬ ಅಂಕೆಗಳು ಇಂಗ್ಲೆಂಡಿನ ಕ್ರಮ. ಒಂದು ಅಂಕೆ ಏರಿದರೆ ಉದ್ದ ಇಂಚಿನ ಮೂರನೇ ಒಂದು ಭಾಗ, ಅಂದರೆ ಸುಮಾರು ಎಂಟೂವರೆ ಮಿಲಿಮೀಟರ್ ಹೆಚ್ಚುತ್ತದೆ. 38, 39, 40 ಎಂಬ ಯುರೋಪಿನ ಅಂಕೆಗಳಲ್ಲಿ ಒಂದು ಹೆಜ್ಜೆಗೆ ಏರುವುದು ಆರೂಮುಕ್ಕಾಲು ಮಿಲಿಮೀಟರಿಗಿಂತ ತುಸು ಕಡಿಮೆ. ಎರಡೂ ಹೇಳುವುದು ಉದ್ದವನ್ನು. ಅಗಲದ ಮಾತು ಅವುಗಳಲ್ಲಿಲ್ಲ. ಚೆನ್ನೈಯ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ 2021–22ರಲ್ಲಿ ದೇಶದ ಒಂದು ಲಕ್ಷಕ್ಕೂ ಹೆಚ್ಚು ಮಂದಿಯ ಪಾದ ಅಳೆದು ಕಂಡುಕೊಂಡದ್ದೂ ಇದನ್ನೇ: ಭಾರತೀಯರ ಪಾದ ವಿದೇಶೀ ಅಚ್ಚುಗಳಿಗಿಂತ ಅಗಲ. ಅದಕ್ಕಾಗಿ ‘ಭ’ ಎಂಬ ಹೊಸ ಅಳತೆಯ ಕ್ರಮವೂ ರೂಪುಗೊಂಡಿದೆ. ಬರಿಗಾಲಲ್ಲಿ ತೋಟ, ಗದ್ದೆ ತಿರುಗಿ ಬೆಳೆದವರ ಬೆರಳುಗಳು ಇನ್ನಷ್ಟು ಹರಡಿಕೊಂಡಿರುತ್ತವೆ. ಚೂಪು ಮೂತಿಯ ಶೂ ಬಿಗಿಯಾಯಿತೆಂದು ಒಂದು ಅಂಕೆ ದೊಡ್ಡದನ್ನು ಕೊಂಡರೆ ಹಿಮ್ಮಡಿ ಸಡಿಲವಾಗಿ ಗುಳ್ಳೆ ಏಳುತ್ತದೆ. ಬದಲಾಯಿಸಬೇಕಾದದ್ದು ಮಾದರಿಯನ್ನು, ಅಂಕೆಯನ್ನಲ್ಲ.

ಬೆಳಗ್ಗೆಯಿಂದ ನಿಂತು ನಡೆದ ಪಾದ ಸಂಜೆಗೆ ಸ್ವಲ್ಪ ಊದಿಕೊಂಡಿರುತ್ತದೆ, ಆದ್ದರಿಂದ ಶೂ ಖರೀದಿಗೆ ಸಂಜೆಯೇ ಸರಿಯಾದ ಹೊತ್ತು. ಎರಡೂ ಕಾಲಿಗೆ ಹಾಕಿ, ಅಂಗಡಿಯ ಮ್ಯಾಟಿನಿಂದ ಇಳಿದು ಗಟ್ಟಿ ನೆಲದ ಮೇಲೆ ನಾಲ್ಕು ಹೆಜ್ಜೆ ನಡೆಯಬೇಕು. ಉದ್ದದ ಬೆರಳಿನ ಮುಂದೆ ಹೆಬ್ಬೆರಳ ಅಗಲದಷ್ಟು ಜಾಗ ಉಳಿದರೆ ಸಾಕು. ಹೀಲ್ಸ್ ಎತ್ತರವಾದಷ್ಟೂ ದೇಹದ ಭಾರ ಪಾದದ ಮುಂಭಾಗಕ್ಕೆ ಬೀಳುತ್ತದೆ. ಇಳಿಜಾರು ಅಂಗಳ, ಕಲ್ಲಿನ ಮೆಟ್ಟಿಲುಗಳ ಊರಲ್ಲಿ ಪೆನ್ಸಿಲ್ ಹೀಲ್ಸಿಗಿಂತ ಉದ್ದಕ್ಕೂ ಆಧಾರವಿರುವ ವೆಜ್ ಹೀಲ್ಸ್ ವಾಸಿ. ದೇವಸ್ಥಾನದ ದಾರಿಯಲ್ಲಿ ಹೊರಟವರಿಗೆ ಇನ್ನೊಂದು ಮಾತು. ಸುಬ್ರಹ್ಮಣ್ಯದಂಥ ಕಡೆ ಹೊರಗೆ ಬಿಡಬೇಕಾದ ನೂರಾರು ಜೋಡಿಗಳ ನಡುವೆ ದುಬಾರಿ ಜೋಡಿಯ ಮೇಲೇ ಮನಸ್ಸಿದ್ದರೆ ಕೈ ಮುಗಿಯುವುದು ಕಷ್ಟ.

ಹ್ಯಾಂಡ್‌ಬ್ಯಾಗಿನ ಆಯ್ಕೆಯಲ್ಲಿ ಮಳೆಯ ಜತೆ ಬಸ್ಸೂ ಸೇರಿಕೊಳ್ಳುತ್ತದೆ. ಪುತ್ತೂರು, ಸುಳ್ಯ ಭಾಗದಲ್ಲಿ ಓಡಾಟಕ್ಕೆ ಕೆಎಸ್‌ಆರ್‌ಟಿಸಿಯೇ ಮುಖ್ಯ ಆಸರೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದ ಮೇಲೆ ಹೆಂಗಸರು ಉಚಿತ ಟಿಕೆಟಿಗೆ ಗುರುತಿನ ಚೀಟಿ ತೋರಿಸಬೇಕು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಕೊಡೆ ಹಿಡಿದು ನಿಂತವಳಿಗೆ ಆಧಾರ್ ಕಾರ್ಡು ಬ್ಯಾಗಿನ ತಳದಲ್ಲಿದ್ದರೆ ಫಜೀತಿಯೇ. ಹೊರಗೊಂದು ಜಿಪ್ಪಿನ ಖಾನೆ, ಭುಜದಿಂದ ಅಡ್ಡಲಾಗಿ ಹಾಕುವ ಉದ್ದ ಪಟ್ಟಿ, ಬಾಯಿ ಪೂರ್ತಿ ಮುಚ್ಚುವ ಜಿಪ್ಪು, ಇವಿಷ್ಟು ಇಲ್ಲಿನ ಬ್ಯಾಗಿಗೆ ಅಗತ್ಯ. ಹಿಂದೆ ಸೊಂಟದಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ ಎಲೆಸಂಚಿಗೂ ಒಳಗೊಳಗೆ ಖಾನೆಗಳಿದ್ದವು. ವೀಳ್ಯದೆಲೆಗೆ ಒಂದು, ಅಡಿಕೆಗೆ ಒಂದು, ಚಿಲ್ಲರೆಗೆ ಇನ್ನೊಂದು. ಅದನ್ನು ಹೊಲಿದವರಿಗೆ ಬ್ಯಾಗಿನ ಶಾಸ್ತ್ರ ಚೆನ್ನಾಗಿಯೇ ಗೊತ್ತಿತ್ತು.

ಅಂಗಡಿಯ ಬ್ಯಾಗುಗಳಲ್ಲಿ ಹೆಚ್ಚಿನವು ರೆಕ್ಸಿನ್ ಜಾತಿಯವು, ಅಂದರೆ ಬಟ್ಟೆಯ ಮೇಲೆ ಪಿವಿಸಿ ಅಥವಾ ಪಿಯು ಪದರ ಬಳಿದವು. ಪಿಯು ಪದರದ ಬ್ಯಾಗು ಕೈಗೆ ಮೃದು, ಆದರೆ ಬೆವರು ತಾಗುವ ಹಿಡಿಕೆ, ಉಜ್ಜಿಹೋಗುವ ಮೂಲೆಗಳಲ್ಲಿ ಒಂದೆರಡು ವರ್ಷಕ್ಕೇ ಸಿಪ್ಪೆ ಏಳುವುದುಂಟು. ಅಸಲಿ ಚರ್ಮ ಗುರುತಿಸಲು ಬೆಂಕಿ ತಾಗಿಸುವ ಸಾಹಸ ಬೇಡ. ಕತ್ತರಿಸಿದ ಅಂಚನ್ನು ನೋಡಿದರೆ ಸಾಕು, ಚರ್ಮದಲ್ಲಿ ನಾರಿನ ಎಳೆಗಳು ಕಾಣುತ್ತವೆ, ರೆಕ್ಸಿನ್ನಿನಲ್ಲಿ ಬಟ್ಟೆಯ ನೇಯ್ಗೆ ಇಣುಕುತ್ತದೆ. ಚರ್ಮದ ಬ್ಯಾಗಿನ ಶತ್ರು ಬೂಷ್ಟು. ಜುಲೈಯಲ್ಲಿ ಕಪಾಟಿನೊಳಗೆ ಪ್ಲಾಸ್ಟಿಕ್ ಸುತ್ತಿ ಇಟ್ಟರೆ ಬಿಳಿ ಮಚ್ಚೆ ಖಂಡಿತ. ಒಳಗೆ ಹಳೆಯ ಪತ್ರಿಕೆಯ ಕಾಗದ ತುರುಕಿ, ಹತ್ತಿಬಟ್ಟೆಯ ಚೀಲದಲ್ಲಿಟ್ಟು, ಬಿಸಿಲು ಬಂದ ದಿನ ನೆರಳಿನಲ್ಲಿ ಗಾಳಿಗೆ ತೂಗಹಾಕುವುದೇ ಉಪಾಯ. ಈ ರಗಳೆ ಬೇಡವೆಂದರೆ ನೈಲಾನ್ ಅಥವಾ ಮೇಣ ಲೇಪಿಸಿದ ಕ್ಯಾನ್ವಾಸ್ ಬ್ಯಾಗು ಕೊಳ್ಳಬಹುದು. ದಿನಾ ಬಸ್ಸಲ್ಲಿ ಹೋಗುವ ಟೀಚರು, ನರ್ಸು, ಬ್ಯಾಂಕಿನವರಿಗೆ ಇದಕ್ಕಿಂತ ಒಳ್ಳೆಯ ಆಯ್ಕೆಯಿಲ್ಲ.

ಪ್ಯಾರಿಸ್, ಮಿಲಾನ್‌ಗಳ ಹೆಸರು ಹೊತ್ತ ಬ್ಯಾಗು ಸಾವಿರ ರೂಪಾಯಿಗೆ ಸಿಕ್ಕರೆ ಅದು ನಕಲಿ ಎಂದೇ ಅರ್ಥ. ‘ಫಸ್ಟ್ ಕಾಪಿ’ ಎಂದು ಮರ್ಯಾದೆಯ ಹೆಸರಿಟ್ಟರೂ 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಪ್ರಕಾರ ಅದನ್ನು ಮಾರುವುದು ಅಪರಾಧ. ಆ ಹಣಕ್ಕೆ ಹೆಸರಿಲ್ಲದ, ಹೊಲಿಗೆ ಗಟ್ಟಿಯಿರುವ ಬ್ಯಾಗು ಕೊಳ್ಳುವುದೇ ಜಾಣತನ. ತೆರಿಗೆಯ ಲೆಕ್ಕವನ್ನೂ ಗಮನಿಸಬೇಕು. 2025ರ ಸೆಪ್ಟೆಂಬರ್ 22ರಿಂದ ಜೋಡಿಗೆ 2,500 ರೂಪಾಯಿಯವರೆಗಿನ ಪಾದರಕ್ಷೆಗೆ ಶೇ. 5, ಅದಕ್ಕೆ ಮೇಲ್ಪಟ್ಟದ್ದಕ್ಕೆ ಶೇ. 18 ಜಿಎಸ್‌ಟಿ. ಗೆರೆಯ ಆಚೀಚೆ ಇರುವ ಎರಡು ಜೋಡಿಗಳ ನಡುವೆ ತೂಗಾಡುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಕಿತ್ತ ಬಾರು, ಕೈಕೊಟ್ಟ ಜಿಪ್ಪು, ಮುರಿದ ಕೊಡೆಯ ಕಡ್ಡಿ ಇವೆಲ್ಲವನ್ನೂ ಸರಿಮಾಡುವವರು ಪೇಟೆಯ ಬದಿಗಳಲ್ಲಿ ಇನ್ನೂ ಇದ್ದಾರೆ. ಹೊಲಿಗೆ ಹಾಕಿದ ಅಟ್ಟೆಯನ್ನು ಅವರು ಮತ್ತೆ ಹೊಲಿದು ಕೊಡಬಲ್ಲರು. ಅಚ್ಚಿನಲ್ಲಿ ಎರೆದು ಅಂಟಿಸಿದ ಪಿಯು ಅಟ್ಟೆ ಹುಡಿಯಾದರೆ ಅವರೂ ಕೈಚೆಲ್ಲುತ್ತಾರೆ. ಹೊಸ ಮಾಲಿನಲ್ಲೇ ದೋಷವಿದ್ದರೆ ಅಂಗಡಿಯವರು ಹೊಣೆ. ಮಾರಿದ ಮಾಲು ವಾಪಸಿಲ್ಲ ಎಂದು ಬಿಲ್ಲಿನ ಮೇಲೆ ಅಚ್ಚು ಹಾಕಿಸಿದ ಮಾತ್ರಕ್ಕೆ ಆ ಹೊಣೆ ತಪ್ಪುವುದಿಲ್ಲ. ಬಿಲ್ಲಿನಲ್ಲಿ ಅವಧಿ ಹೇಳಿಲ್ಲದಿದ್ದರೆ 30 ದಿನಗಳೊಳಗೆ ದೋಷದ ಮಾಲನ್ನು ಹಿಂದೆ ಪಡೆಯಲು ಒಪ್ಪದಿರುವುದು 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ಅನುಚಿತ ವ್ಯಾಪಾರ ಪದ್ಧತಿ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆದ್ದರಿಂದ ಸಂತೆಯ ದಿನದ ಗಡಿಬಿಡಿಯಲ್ಲೂ ಬಿಲ್ಲು ಕೇಳಿ ಪಡೆಯಿರಿ, ಡಬ್ಬಿ ಎಸೆದರೂ ಬಿಲ್ಲನ್ನು ಎಸೆಯಬೇಡಿ.