ದತ್ತಪ್ರವಾಹ ಗಣಕವೂ ಎರಡು ಮ್ಯಾಂಚೆಸ್ಟರುಗಳೂ

ಹತ್ತಿಯ ಗಿರಣಿಗಳ ದೆಸೆಯಿಂದ ದಾವಣಗೆರೆಗೆ ಕರ್ಣಾಟಕದ ಮ್ಯಾಂಚೆಸ್ಟರೆಂಬ ಹೆಸರು ಬಂದುದು ಪ್ರಸಿದ್ಧವಾಗಿದೆ. ಆ ಗಿರಣಿಗಳಲ್ಲಿ ಬಹುಪಾಲು ಮುಚ್ಚಿಹೋದುವು, ಹೆಸರು ಉಳಿದಿದೆ. ಮೂಲದ ಮ್ಯಾಂಚೆಸ್ಟರಿನಲ್ಲಿ ಗರ್ಡ್, ವಾಟ್ಸನ್ ಎಂಬ ವಿದ್ವಾಂಸರು ೧೯೮೧ರಲ್ಲಿ ನಡೆಯಿಸಿ ತೋರಿಸಿದ ದತ್ತಪ್ರವಾಹ ಗಣಕದ ತತ್ತ್ವವನ್ನು ತಿಳಿಯುವುದಕ್ಕೂ ಗಿರಣಿಯ ದೃಷ್ಟಾಂತವೇ ಒದಗುತ್ತದೆ.

ಸಾಮಾನ್ಯ ಗಣಕದ ನಡೆ ಲೇತಿನ ಮುಂದೆ ನಿಂತ ಕುಶಲಕರ್ಮಿಯದು. ೧೯೪೧ರಲ್ಲಿ ಹರಿಹರದಲ್ಲಿ ಸ್ಥಾಪಿತವಾಗಿ ಈಗ ನಿಂತುಹೋಗಿರುವ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅಂಥ ಲೇತುಗಳಿಗೆ ಹೆಸರಾಗಿತ್ತು. ಬರೆದುಕೊಟ್ಟ ಕ್ರಮದಲ್ಲಿ ಒಂದು ಕೆಲಸ ಮುಗಿದ ಮೇಲೆಯೇ ಇನ್ನೊಂದು. ದತ್ತಪ್ರವಾಹದಲ್ಲಿಯಾದರೋ ಕ್ರಮವನ್ನು ವಿಧಿಸುವ ಯಜಮಾನನಿಲ್ಲ. ಹಾಸೂ ಹೊಕ್ಕೂ ಒದಗಿದೊಡನೆ ಮಗ್ಗವು ನೇಯುವಂತೆ, ಬೇಕಾದ ಸಂಖ್ಯೆಗಳು ಬಂದು ಸೇರಿದ ಕ್ರಿಯೆ ತಾನಾಗಿ ನಡೆಯುತ್ತದೆ. ಸಿದ್ಧವಾದ ಕ್ರಿಯೆಗಳು ನೂರಿದ್ದರೆ ನೂರೂ ಏಕಕಾಲದಲ್ಲಿ ನಡೆಯಬಹುದು. ಪದ್ಯಕ್ಕೆ ಅನ್ವಯ ಹೇಳುವ ಉಪಾಧ್ಯಾಯರಿಗೆ ಇದು ಹೊಸತಲ್ಲ: ಪದಗಳು ಯಾವ ಕ್ರಮದಲ್ಲಿ ಬಂದರೂ ಆಕಾಂಕ್ಷೆ ತೀರಿದೆಡೆಯಲ್ಲಿ ಅರ್ಥ ಕೂಡುವುದಷ್ಟೆ. ಈ ಯಂತ್ರವಿಚಾರಕ್ಕೆ ೧೯೭೦ರ ದಶಕದಲ್ಲಿ ರೂಪ ಕೊಟ್ಟವರು ಅಮೆರಿಕದ ಎಂ.ಐ.ಟಿ.ಯ ಜ್ಯಾಕ್ ಡೆನಿಸ್.

ತೊಡಕಿರುವುದು ಕಾಯುವ ಎಡೆಯಲ್ಲಿ. ಜೊತೆ ಬಾರದ ಪ್ರತಿಯೊಂದು ಸಂಖ್ಯೆಯೂ, ತಾನು ಯಾವ ಕ್ರಿಯೆಯ ಎಷ್ಟನೆಯ ಆವೃತ್ತಿಗೆ ಸೇರಿದುದೆಂಬ ಚೀಟಿಯನ್ನು ಹೊತ್ತು ಉಗ್ರಾಣದಲ್ಲಿ ಕಾದಿರಬೇಕು; ಹೊಸದಾಗಿ ಬಂದುದಕ್ಕೆ ಅಲ್ಲಿ ಜೊತೆಯನ್ನು ಹುಡುಕಬೇಕು. ಎರಡು ಸಂಖ್ಯೆಗಳನ್ನು ಕೂಡುವುದಕ್ಕಿಂತ ಅವನ್ನು ಜೊತೆಗೂಡಿಸುವುದೇ ದುಬಾರಿಯಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಟ್ನಾಯಕರೂ ಗೋವಿಂದರಾಜನ್ನರೂ ಸಹೋದ್ಯೋಗಿಯೊಬ್ಬರೊಡನೆ ರಚಿಸಿ ೧೯೮೬ರಲ್ಲಿ ಪ್ರಕಟಿಸಿದ ‘ಎಕ್ಸ್‌ಮ್ಯಾನ್’ ಯೋಜನೆ ಕೈಹಾಕಿದುದು ಈ ಗಂಟಿಗೇ. ಮ್ಯಾಂಚೆಸ್ಟರ್ ಯಂತ್ರವನ್ನು ವಿಸ್ತರಿಸಿ, ಒಂದೇ ಉಗ್ರಾಣದ ಬದಲು ಹಲವನ್ನು ಇರಿಸಿದರು. ಸಂಖ್ಯೆಗಳ ಸಾಲುಗಳನ್ನು ಕಾಪಿಡುವ ಸುಲಭೋಪಾಯವನ್ನೂ ಸೇರಿಸಿದರು. ಪ್ರಕಟವಾದ ಪರೀಕ್ಷೆಗಳು ಮಾತ್ರ ಡಿ.ಇ.ಸಿ. ೧೦೯೦ ಎಂಬ ಸಾಮಾನ್ಯ ಗಣಕದ ಮೇಲೆ, ಸಿಮುಲಾ ಭಾಷೆಯಲ್ಲಿ ಬರೆದ ಅನುಕರಣದಿಂದ ನಡೆದುವು: ಮಗ್ಗದ ಗುಣವನ್ನು ಲೇತು ಅಭಿನಯಿಸಿತೆನ್ನಬಹುದು!

ಮುಂದೆ ಎಂ.ಐ.ಟಿ.ಯಲ್ಲಿ ಅರವಿಂದರ ಬಳಗದವರು ‘ಮಾನ್‌ಸೂನ್’ ಯಂತ್ರದಲ್ಲಿ ಕಾಯುವ ಸಂಖ್ಯೆಗೆ ಸ್ಥಾನವನ್ನು ಮೊದಲೇ ಗೊತ್ತುಮಾಡಿ ಹುಡುಕಾಟವನ್ನೇ ತಪ್ಪಿಸಿದರು. ಆದರೂ ಸಾಮಾನ್ಯ ಗಣಕಗಳು ವರ್ಷವರ್ಷಕ್ಕೂ ಅಗ್ಗವೂ ಶೀಘ್ರವೂ ಆಗುತ್ತಿದ್ದುದರಿಂದ ಇಡಿಯ ಯಂತ್ರವಾಗಿ ದತ್ತಪ್ರವಾಹ ನೆಲೆಯೂರಲಿಲ್ಲ. ಸೋತಿತೆನ್ನುವುದು ಅವಸರದ ಮಾತು. ಟೊಮಾಸುಲೊ ೧೯೬೭ರಲ್ಲಿ ವಿವರಿಸಿದ ಇಂಥದೇ ಉಪಾಯವು ೧೯೯೦ರ ದಶಕದಿಂದ ಸಾಮಾನ್ಯ ಸಂಸ್ಕಾರಕಗಳ ಒಳಗೆ, ಕೆಲವೇ ಆಜ್ಞೆಗಳ ಕಿರಿಯ ವಲಯದಲ್ಲಿ ದುಡಿಯುತ್ತಿದೆ. ಕೃತಕ ಬುದ್ಧಿಯ ಲೆಕ್ಕಗಳಿಗಾಗಿ ಈಗ ಸಾಂಬನೋವಾ ಮೊದಲಾದ ಸಂಸ್ಥೆಗಳು ದತ್ತಪ್ರವಾಹದ ಹೆಸರಿನಲ್ಲಿಯೇ ಚಿಪ್ಪುಗಳನ್ನು ತಯಾರಿಸುತ್ತಿವೆ. ಆ ಲೆಕ್ಕಗಳ ಜಾಲ ಬಹುಮಟ್ಟಿಗೆ ಮೊದಲೇ ತಿಳಿದಿರುವುದರಿಂದ ಯಾವುದು ಎಲ್ಲಿ ಸೇರಬೇಕೆಂಬುದನ್ನು ಮುಂಚಿತವಾಗಿ ನಿರ್ಣಯಿಸಿಡಬಹುದು. ನಡುವೆಯೇ ಜಾಲದ ಆಕಾರ ಬದಲಾಗುವ ಲೆಕ್ಕಗಳಲ್ಲಿ ಉಗ್ರಾಣದ ಹಳೆಯ ವೆಚ್ಚ ಇಂದಿಗೂ ಎದುರಾಗುತ್ತದೆ.