ನೀರುನಾಯಿಗೂ ಬೇಸರ ಬರುತ್ತದೆ

ಬ್ಯಾಂಕಿನಲ್ಲಿ ಮೂವತ್ತಾರು ವರ್ಷ ಲೆಡ್ಜರ್ ಬರೆದವನು ನಾನು. ನಿವೃತ್ತನಾಗಿ ಯಡ್ರಾಮಿಗೆ ಬಂದ ಹೊಸದರಲ್ಲಿ, ಬೆಳಿಗ್ಗೆ ಹತ್ತಾದರೆ ಸಾಕು, ಪಡಸಾಲೆಯ ಈ ಗೋಡೆಯಿಂದ ಆ ಗೋಡೆಗೆ ತಿರುಗುತ್ತಿದ್ದೆ. "ನೆಲ ಸವೀತದ, ಕುಂದ್ರಿ" ಎನ್ನುತ್ತಿದ್ದಳು ಮನೆಯಾಕೆ.

ಅದು ಹೋದ ಬೇಸಿಗೆ ರಜೆಯಲ್ಲಿ ಮತ್ತೆ ನೆನಪಾಯಿತು. ಮೊಮ್ಮಗಳ ಜೊತೆ ದೂರದ ಊರಿನ ಮೃಗಾಲಯವೊಂದಕ್ಕೆ ಹೋಗಿದ್ದೆ. ಅಲ್ಲೊಂದು ನೀರುನಾಯಿ ಕಟ್ಟೆಯ ಅಂಚಿನಲ್ಲಿ ಒಂದೇ ದಾರಿಯಲ್ಲಿ ಹೋಗುವುದು, ಬರುವುದು ಮಾಡುತ್ತಿತ್ತು. ಜನ "ವಾಕಿಂಗ್ ಮಾಡ್ತದ ನೋಡು" ಎಂದು ನಕ್ಕು ಮುಂದೆ ಹೋದರು. ನನಗೇಕೋ ನಗು ಬರಲಿಲ್ಲ.

ನಾವು ಅಲ್ಲೇ ಕುಳಿತೆವು. ಮೊಮ್ಮಗಳ ನೋಟುಪುಸ್ತಕದಲ್ಲಿ ಗೆರೆ ಹಾಕಿದೆ: ಒಂದು ಕಡೆ ವೇಳೆ, ಇನ್ನೊಂದು ಕಡೆ ಕೆಲಸ. ಎರಡು ನಿಮಿಷಕ್ಕೊಮ್ಮೆ ತಲೆ ಎತ್ತಿ ನೋಡುವುದು, ಆ ಕ್ಷಣ ಅದು ಏನು ಮಾಡುತ್ತಿದೆಯೋ ಅಷ್ಟನ್ನೇ ಬರೆಯುವುದು. ಪ್ರಾಣಿಗಳ ನಡವಳಿಕೆ ಅಭ್ಯಾಸ ಮಾಡುವವರೂ ಹೀಗೆಯೇ ಬರೆಯುತ್ತಾರೆ. "ಖುಷಿಯಾಗಿದೆ", "ಸಿಟ್ಟಾಗಿದೆ" ಎಂದು ಬರೆಯುವಂತಿಲ್ಲ, ಕಣ್ಣಿಗೆ ಕಂಡದ್ದಷ್ಟೇ. ಇಪ್ಪತ್ತು ನಿಮಿಷದ ಹತ್ತು ನಮೂದುಗಳಲ್ಲಿ ಎಂಟು "ನಡಿಗೆ".

ಆಮೇಲೆ ಕಾವಲಿನ ಅಣ್ಣ ಬಂದ. ತಟ್ಟೆಯಲ್ಲಿ ಮೀನು ಇಡುವ ಬದಲು ಬಿದಿರಿನ ಕೊಳವೆಯೊಳಗೆ ತುರುಕಿ ಕೊಳಕ್ಕೆ ಎಸೆದ. ನೋಡಬೇಕಿತ್ತು! ನೀರುನಾಯಿ ಧುಮುಕಿತು, ಕೊಳವೆಯನ್ನು ಉರುಳಿಸಿತು, ಮೂಗು ತೂರಿಸಿತು, ಕೊನೆಗೆ ಅಂಗಾತ ತೇಲಿ ಕೈ ಹಾಕಿ ಎಳೆಯಿತು. ಅರ್ಧ ಗಂಟೆ "ನಡಿಗೆ" ಎಂಬ ನಮೂದೇ ಇಲ್ಲ. ಮೀನು ಮುಗಿದ ಮೇಲೂ ಖಾಲಿ ಕೊಳವೆ ಬಿಡಲಿಲ್ಲ.

ಇದಕ್ಕೆ ಮೃಗಾಲಯದವರು ಎನ್‌ರಿಚ್‌ಮೆಂಟ್ ಎನ್ನುತ್ತಾರೆ. ನನ್ನ ಮಾತಿನಲ್ಲಿ ಹೇಳುವುದಾದರೆ, ಪ್ರಾಣಿಗೆ ಅದರ ಕೆಲಸವನ್ನು ಮರಳಿ ಕೊಡುವುದು. ನಮ್ಮ ತುಂಗಭದ್ರೆಯಲ್ಲೇ ನೋಡಿ. ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿಗಳಿಗಾಗಿಯೇ ಸಂರಕ್ಷಿತ ಪ್ರದೇಶವೆಂದು ಸಾರಿದರು. ದೇಶದಲ್ಲಿ ಅಂಥದ್ದು ಅದೇ ಮೊದಲು. ಅಲ್ಲಿನ ನೀರುನಾಯಿ ಕುಟುಂಬದೊಂದಿಗೆ ಈಜುತ್ತದೆ, ಮೀನು ಅಟ್ಟುತ್ತದೆ, ಬಂಡೆಗಳ ಸಂದಿಯಲ್ಲಿ ಮರಿ ಮಾಡುತ್ತದೆ, ಮರಳಿನಲ್ಲಿ ಹೊರಳಿ ಮೈ ಒಣಗಿಸುತ್ತದೆ. ಅಂಥ ಜೀವಕ್ಕೆ ಐದು ನಿಮಿಷದಲ್ಲಿ ಮುಗಿಯುವ ತಟ್ಟೆ ಊಟ ಕೊಟ್ಟರೆ ಉಳಿದ ಹೊತ್ತು ಏನು ಮಾಡಬೇಕು? ಬಾಂಗ್ಲಾದೇಶದ ನಡಾಯಿಲ್ ಕಡೆಯ ಮೀನುಗಾರರು ಪಳಗಿಸಿದ ನೀರುನಾಯಿಗಳಿಂದ ಮೀನನ್ನು ಬಲೆಗೆ ಅಟ್ಟಿಸುತ್ತಾರೆ. ಅವೂ ಮನುಷ್ಯರ ವಶದಲ್ಲಿರುವವೇ, ಆದರೆ ಕೈತುಂಬ ಕೆಲಸವಿದೆ.

ನೀರುನಾಯಿಗಳು ಅಂಗಾತ ಮಲಗಿ ಸಣ್ಣ ಕಲ್ಲನ್ನು ಕೈಯಿಂದ ಕೈಗೆ, ಎದೆ-ಕತ್ತಿನ ಮೇಲೆ ಉರುಳಾಡಿಸುತ್ತವೆ. ಥೇಟ್ ಗಜಗದ ಆಟ. "ಮುತ್ಯಾ, ಯಾಕ ಹಂಗ ಮಾಡ್ತಾವ?" ಎಂದು ಮೊಮ್ಮಗಳು ಕೇಳಿದಳು. ಇದೇ ಪ್ರಶ್ನೆ ಇಂಗ್ಲೆಂಡಿನ ಎಕ್ಸೆಟರ್ ವಿಶ್ವವಿದ್ಯಾಲಯದವರನ್ನೂ ಕಾಡಿತ್ತು. ಅವರ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ಟೆನಿಸ್ ಚೆಂಡು, ಔಷಧದ ಡಬ್ಬಿಗಳಲ್ಲಿ ಮಾಂಸ ಅಡಗಿಸಿ ಒಗಟಿನಂತೆ ಕೊಟ್ಟು ನೋಡಿದರು. ಕಲ್ಲಾಡಿಸುವುದರಲ್ಲಿ ಜಾಣನಾದದ್ದು ಡಬ್ಬಿ ಬಿಚ್ಚುವುದರಲ್ಲಿಯೂ ಜಾಣ ಎಂದೇನೂ ಕಾಣಲಿಲ್ಲ. ಹಸಿದಾಗ ಆಟ ಹೆಚ್ಚು. ಇನ್ನೊಂದು ಸಂಗತಿ ಓದಿ ನಾನು ಕನ್ನಡಕ ಒರೆಸಿ ಮತ್ತೆ ಓದಿದೆ: ಹೆಚ್ಚು ಆಡುವವು ಎಳೆಯವು ಮತ್ತು ಮುದಿಯಾದವು! ನಡುವಯಸ್ಸಿನವಕ್ಕೆ ಬಹುಶಃ ಮರಿ ಸಾಕುವುದರಲ್ಲೇ ಪುರುಸೊತ್ತಿಲ್ಲ. ಮುದಿಯಾದವು ಮಿದುಳು ಚುರುಕಾಗಿರಲೆಂದು ಆಡುತ್ತಿರಬಹುದೇ ಎಂಬ ಊಹೆಯೂ ಇದೆ.

ಮೊಬೈಲಿನಲ್ಲಿ ನೀರುನಾಯಿ ಮರಿಯ ವಿಡಿಯೊ ನೋಡಿ "ನಮಗೂ ಒಂದು ಬೇಕು" ಎನ್ನುವ ಮಕ್ಕಳಿದ್ದೀರಿ, ನನಗೆ ಗೊತ್ತು. ನಮ್ಮ ದೇಶದಲ್ಲಿ ಅದನ್ನು ಸಾಕುವುದು ಕಾನೂನಿಗೆ ವಿರುದ್ಧ. ಸಾಕುವ ಹುಚ್ಚಿಗಾಗಿ ಮರಿಗಳ ಕಳ್ಳಸಾಗಣೆ ಹೆಚ್ಚಿತೆಂದೇ 2019ರಲ್ಲಿ ಏಷ್ಯಾದ ಎರಡು ಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಿದರು. ಅವುಗಳಲ್ಲಿ ತುಂಗಭದ್ರೆಯ ಜಾತಿಯೂ ಒಂದು.

ಊರಿಗೆ ಬಂದ ಮೇಲೆ ಮನೆಯಾಕೆ ತನ್ನ ಹಳೆಯ ಗಜಗಗಳನ್ನು ಡಬ್ಬಿಯಿಂದ ತೆಗೆದಳು. ಅವಳ ಕೈ ಇನ್ನೂ ತಪ್ಪುವುದಿಲ್ಲ. ನಾನು ಮೂರನೆಯದಕ್ಕೇ ಬೀಳಿಸಿದೆ. ಮೊಮ್ಮಗಳು ಅದೇ ನೋಟುಪುಸ್ತಕ ತೆರೆದು ಗಡಿಯಾರ ನೋಡಿ ಬರೆದಳು: "4.10: ಮುತ್ಯಾ, ಆಟ."