ಪರೇಲಿನ ಮೆಟ್ಟಿಲು ಕಲಿಸಿದ್ದು

2017ರ ಸೆಪ್ಟೆಂಬರ್ ಮುಗಿಯುವ ತನಕ ರೈಲ್ವೆಯ ಲೆಕ್ಕದಲ್ಲಿ ಪಾದಚಾರಿ ಮೇಲ್ಸೇತುವೆ ಎಂದರೆ ಬರೀ ‘ಪ್ರಯಾಣಿಕರ ಸೌಕರ್ಯ’. ದುಡ್ಡು ಉಳಿದರೆ ನೋಡೋಣ ಅನ್ನುವ ಬಾಬತ್ತು. 29ರ ಬೆಳಿಗ್ಗೆ, ಆಯುಧಪೂಜೆಯ ದಿನ, ಮುಂಬೈಯ ಪರೇಲ್ ಮತ್ತು ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣಗಳ ನಡುವಿನ ಇಕ್ಕಟ್ಟಿನ ಮೆಟ್ಟಿಲಲ್ಲಿ ಮಳೆಗೆ ಒತ್ತಿಕೊಂಡು ನಿಂತವರ ನಡುವೆ ನೂಕುನುಗ್ಗಲಾಗಿ 23 ಮಂದಿ ಸತ್ತರು. ಮರುದಿನವೇ ಸಚಿವ ಪೀಯೂಷ್ ಗೋಯಲ್, ನೂರೈವತ್ತು ವರ್ಷದ ರೂಢಿ ಬದಲಿಸಿ, ಮೇಲ್ಸೇತುವೆ ಇನ್ನು ಕಡ್ಡಾಯ ಎಂದರು. ಲೆಕ್ಕದ ಪುಸ್ತಕದ ಒಂದು ತಲೆಬರಹ ತಿದ್ದಲು ಇಷ್ಟು ಹೆಣ ಬೇಕಾಯಿತು.

ಪರೇಲಿನ ಬಟ್ಟೆ ಗಿರಣಿಗಳ ಕಾಲದಲ್ಲಿ ಕಾರ್ಮಿಕರು ಸುತ್ತಲಿನ ಚಾಳುಗಳಿಂದ ನಡೆದೇ ಪಾಳಿಗೆ ಬರುತ್ತಿದ್ದರು. 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದೇ ಮುಚ್ಚಿ, ಅಲ್ಲಿ ಕಚೇರಿಗಳೆದ್ದವು. ನೌಕರರು ದೂರದ ವಿರಾರ್, ಕಲ್ಯಾಣದಿಂದ ಬಂದಿಳಿಯತೊಡಗಿದರು. ಗೋಪುರ ಕಟ್ಟಿದವರಾಗಲಿ ಪರವಾನಗಿ ಕೊಟ್ಟವರಾಗಲಿ ನಿಲ್ದಾಣದ ಮೆಟ್ಟಿಲು ಅಳೆಯಲಿಲ್ಲ.

ಅಕ್ಟೋಬರ್ 31ರಂದು, ನೂಕುನುಗ್ಗಲಾದ ಜಾಗದಲ್ಲಿ ಹೊಸ ಸೇತುವೆ ಕಟ್ಟಲು ಸೇನೆಯನ್ನು ಕರೆದರು. ಯುದ್ಧಕ್ಕೆ ತಯಾರಾಗುವವರಿಗೆ ಇದೇಕೆ ಎಂದು ಪಂಜಾಬಿನ ಮುಖ್ಯಮಂತ್ರಿ ಅಮರಿಂದರ್ ಸಿಂಗ್ ಸಿಡುಕಿದರು. ಸಿಡುಕು ನ್ಯಾಯವೇ. ಆದರೂ 2018ರ ಫೆಬ್ರವರಿ 27ಕ್ಕೆ 73 ಮೀಟರ್ ಉದ್ದದ ಸೇತುವೆ ತೆರೆಯಿತು. ಸೇನೆಗೆ ಬೈಲಿ ಸೇತುವೆಯ ಹಳೆಯ ಅಭ್ಯಾಸವಿದೆ. ಎರಡನೇ ಮಹಾಯುದ್ಧದಲ್ಲಿ ಡೊನಾಲ್ಡ್ ಬೈಲಿ ರೂಪಿಸಿದ್ದು ಹತ್ತಡಿ ಉದ್ದ, ಐದಡಿ ಎತ್ತರದ ಉಕ್ಕಿನ ಚೌಕಟ್ಟು. ಆರು ಜನ ಹೊತ್ತು ತಂದು ಪಿನ್ನು ಹೊಡೆದರೆ ಆಯಿತು. ಒಂದು ಹೊಳೆ ದಾಟಿದ ಅನುಭವ ಮುಂದಿನ ಹೊಳೆಗೆ ಚೌಕಟ್ಟಿನ ಜೊತೆಗೇ ಹೋಗುತ್ತದೆ. ಅಧಿಕಾರಿಗೆ ವರ್ಗವಾದರೂ ಕಸರತ್ತು ಉಳಿಯುತ್ತದೆ.

ನಮ್ಮ ನಾಗರಿಕ ಇಲಾಖೆಗಳಲ್ಲಿ ಉಳಿಯುವುದು ಕಡತ. 2018ರ ಜುಲೈಯಲ್ಲಿ ಅಂಧೇರಿಯ ಗೋಖಲೆ ಸೇತುವೆಯ ಕಾಲುದಾರಿ ಕುಸಿಯಿತು; ತಪಾಸಣೆಗಳ ಸುಗ್ಗಿ ಶುರುವಾಯಿತು. 2019ರ ಮಾರ್ಚ್ 14ರಂದು ಸಿಎಸ್‌ಎಂಟಿ ನಿಲ್ದಾಣದ ಬಳಿಯ ಹಿಮಾಲಯ ಸೇತುವೆ ಬಿತ್ತು. ಸಣ್ಣಪುಟ್ಟ ದುರಸ್ತಿ ಸಾಕು ಎಂದು ತಪಾಸಣೆಯಲ್ಲಿ ಪಾಸಾಗಿದ್ದ ಸೇತುವೆ ಅದು! 2024ರಲ್ಲಿ ಹೊಸ ಗೋಖಲೆ ತೆರೆದಾಗ ಪಕ್ಕದ ಬರ್ಫಿವಾಲಾ ಮೇಲ್ಸೇತುವೆಗೂ ಅದಕ್ಕೂ ಸುಮಾರು ಆಳೆತ್ತರದ ಅಂತರ. ಹಳಿಯ ಮೇಲಿನ ಎತ್ತರದ ನಿಯಮ ಬದಲಾಗಿತ್ತು. ಪಕ್ಕದ ಸೇತುವೆಯ ಗತಿಯೇನೆಂದು ಯಾರೂ ಕೇಳಿರಲಿಲ್ಲ. ಕೊನೆಗೆ ಪರೇಲಿನಿಂದ ಎರಡೇ ನಿಲ್ದಾಣದಾಚೆಯ ಮಾಟುಂಗದ ಎಂಜಿನಿಯರಿಂಗ್ ಕಾಲೇಜು ವಿಜೆಟಿಐಯ ತಜ್ಞರನ್ನು ಕೇಳಿ, ಬರ್ಫಿವಾಲಾವನ್ನು ಜಾಕ್ ಕೊಟ್ಟು ಎತ್ತಿ ಜೋಡಿಸಿದರು.

ಎಲ್ಫಿನ್‌ಸ್ಟನ್‌ನ ಶತಮಾನ ದಾಟಿದ ರಸ್ತೆ ಸೇತುವೆಯನ್ನೂ 2025ರ ಸೆಪ್ಟೆಂಬರಿನಲ್ಲಿ ಮುಚ್ಚಿ ಕೆಡವತೊಡಗಿದರು. ಅಲ್ಲಿ ಬರುವುದು ಎರಡಂತಸ್ತಿನ ಸೇತುವೆ. ಕೆಲಸ ಈಗ ಬೇರೆಯೇ ಸಂಸ್ಥೆಗಳಾದ ಎಂಎಂಆರ್‌ಡಿಎ ಮತ್ತು ಮಹಾರೈಲ್ ಪಾಲಿಗೆ. ಗೋಖಲೆ ಕಟ್ಟಿದ್ದು ಪಾಲಿಕೆ.